ಹಾಲಿ ಸಿಕ್ಕಾ ನೋಟುಗಳ ಬೆಲೆ ನಿರ್ಣಯಿಸುವುದು ಹೇಗೆ?

ಕಲಬುರಗಿ, ಬೀದರ, ರಾಯಚೂರು ಸೀಮೆಗಳಿಂದ ಬಂದು ಕುಷಾಯಿಗೂಡದಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ, ಹಿರಿಯರ ಪೆಟ್ಟಿಗೆಯ ತಳದಲ್ಲಿ ನಿಜಾಮರ ಕಾಲದ ಒಂದೆರಡು ನೋಟುಗಳು ದೊರೆಯುವುದುಂಟು. 1956ರವರೆಗೆ ಈ ಸೀಮೆಗಳು ಹೈದರಾಬಾದಿಗೆ ಸೇರಿದ್ದವು. ಇಂತಹ ನೋಟಿನ ಬೆಲೆ ತಿಳಿಯುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲ ಮಹಾಯುದ್ಧದ ವೇಳೆ ಲೋಹದ ಅಭಾವ ಉಂಟಾದಾಗ, 1918ರಲ್ಲಿ ಹೈದರಾಬಾದ್ ಸರ್ಕಾರವು 10 ಮತ್ತು 100 ರೂಪಾಯಿಗಳ ನೋಟುಗಳನ್ನು ಹೊರಡಿಸಿತು. 1919ರಲ್ಲಿ 1 ಮತ್ತು 5 ರೂಪಾಯಿ, 1926ರಲ್ಲಿ 1000 ರೂಪಾಯಿ ನೋಟುಗಳು ಬಂದವು. ಉರ್ದುವಿನೊಂದಿಗೆ ತೆಲುಗು, ಮರಾಠಿ, ಕನ್ನಡಗಳಲ್ಲೂ ಮೌಲ್ಯವನ್ನು ಮುದ್ರಿಸಲಾಗಿತ್ತು. ಬ್ರಿಟಿಷ್ ಭಾರತದ ಆರು ರೂಪಾಯಿಗೆ ಹಾಲಿ ಸಿಕ್ಕಾ ಏಳು ರೂಪಾಯಿ ಸಮ. ಈಗ ಇವುಗಳಿಗೆ ಚಲಾವಣೆಯಿಲ್ಲ. ಸಂಗ್ರಾಹಕರು ಕೊಡುವುದೇ ಬೆಲೆ.

ಹಳೆಯದೆಂದ ಮಾತ್ರಕ್ಕೆ ನೋಟು ದುಬಾರಿಯಾಗದು. ಮೊದಲು ನೋಡುವುದು ಸ್ಥಿತಿಯನ್ನು: ಮಡಿಕೆ, ಗುಂಡುಸೂಜಿಯ ತೂತು, ಹರಿದ ಅಂಚು, ಕಲೆ. ಎರಡನೆಯದು ವಿರಳತೆ: 1919ರ ಒಂದು ರೂಪಾಯಿ ನೋಟು, 1940ರ ದಶಕದ ಅದೇ ಮೌಲ್ಯದ ನೋಟಿಗಿಂತ ಅಪರೂಪ. ಮೂರನೆಯದು ಸಹಿ. ಗ್ಲಾನ್ಸಿ, ಅಕ್ಬರ್ ಹೈದರಿ ಮೊದಲಾದ ಹಣಕಾಸು ಮುಖ್ಯಸ್ಥರ ಸಹಿಯಿಂದ ನೋಟಿನ ಕಾಲ ತಿಳಿಯುತ್ತದೆ. ಫಸಲಿ ವರ್ಷವಿದ್ದರೆ ಅದಕ್ಕೆ 590 ಕೂಡಿಸಿರಿ. 1350 ಫಸಲಿ ಎಂದರೆ 1940-41.

ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಟ್ ಮಾಡಿಸುವುದು ಬೇಡವೇ ಬೇಡ. ಒಳ್ಳೆಯ ಉದ್ದೇಶದಿಂದ ಮಾಡಿದ ಈ ಕೆಲಸಗಳೇ ಬೆಲೆಯನ್ನು ಕುಗ್ಗಿಸುತ್ತವೆ. ಜಾಹೀರಾತಿನಲ್ಲಿ ಕೇಳುವ ಬೆಲೆಯನ್ನು ನಂಬದೆ, ಅದೇ ಸಹಿಯ, ಅದೇ ಸ್ಥಿತಿಯ ನೋಟು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತೆಂಬುದನ್ನು ನೋಡಬೇಕು. ಬೆಂಗಳೂರಿಗೆ ಹೋದವರು ರೆಜ್ವಾನ್ ರಜಾಕ್ ಅವರು ಸ್ಥಾಪಿಸಿದ ಭಾರತೀಯ ಕಾಗದದ ಹಣದ ಸಂಗ್ರಹಾಲಯವನ್ನು ನೋಡಿದರೆ ಕಣ್ಣು ಪಳಗುತ್ತದೆ.

ಇನ್ನೊಂದು ಎಚ್ಚರಿಕೆ. ಹಳೆಯ ನೋಟು ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವವರಿದ್ದಾರೆ. ತಾನು ಇಂತಹ ವ್ಯವಹಾರ ನಡೆಸುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಮಾರುವವರೇ ಮುಂಗಡ ಹಣ ಕಟ್ಟಬೇಕೆಂದರೆ ಅದು ಮೋಸವೆಂದೇ ತಿಳಿಯಬೇಕು.

ತೀರ ಸವೆದ ನೋಟಿಗೆ ಪೇಟೆಯಲ್ಲಿ ಹೆಚ್ಚು ಬೆಲೆ ಬಾರದಿರಬಹುದು. ಆದರೆ ಈ ನಾಡಿನ ಹಣದ ಮೇಲೆ ಕನ್ನಡವೂ ಇತ್ತೆಂಬುದನ್ನು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಮನೆಯಲ್ಲಿ ಬೇರೆ ಇರಲಾರದು.