ಗುಂಡಿನ ಮೇಲೆ ಸುಳಿಯದ ಸುರುಳಿ

1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಬೆನ್ನಿಗೆ ಗುಂಡು ಹೊಕ್ಕಿತು. ಅದು ಎಲ್ಲಿ ನಿಂತಿದೆ ಎಂಬುದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್‌ರೇ ಬರಲು ಇನ್ನೂ 14 ವರ್ಷಗಳಿದ್ದವು. ಆಗ ನೆರವಿಗೆ ಬಂದವರು ದೂರವಾಣಿಯ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್.

ಬೆಲ್ ತಂದ ಸಾಧನ ಇಂದಿನ ಲೋಹಶೋಧಕದ ಹಿರಿಯಣ್ಣ. ತಂತಿಯ ಸುರುಳಿಯಲ್ಲಿ ಏರಿಳಿಯುವ ವಿದ್ಯುತ್ ಹರಿದರೆ ಸುತ್ತ ಕಾಂತಕ್ಷೇತ್ರ ಏಳುತ್ತದೆ. ಅದು ಹತ್ತಿರದ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳನ್ನು ಹುಟ್ಟಿಸುತ್ತದೆ; ಅವುಗಳ ಮಾರ್ದನಿಯನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಬೆಲ್ ಅದನ್ನು ದೂರವಾಣಿಯಲ್ಲಿ ಕಿವಿಗೊಟ್ಟು ಆಲಿಸುತ್ತಿದ್ದರು. ಅಂತರ್ಯುದ್ಧದಲ್ಲಿ ಗುಂಡೇಟು ತಿಂದು ಬದುಕಿದ್ದ ಸೈನಿಕರ ಮೈಯಲ್ಲಿ ಸಾಧನ ಗುಂಡು ಪತ್ತೆ ಮಾಡಿತ್ತು. ಅಧ್ಯಕ್ಷರ ಹಾಸಿಗೆಯ ಬಳಿ ಸೋತಿತು. ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಗೊಂದಲ ಎಬ್ಬಿಸಿದವು. ಅದಕ್ಕಿಂತ ದೊಡ್ಡ ತೊಡಕೆಂದರೆ, ಗುಂಡು ಬಲಗಡೆ ಇದೆಯೆಂದು ನಂಬಿದ್ದ ಮುಖ್ಯ ವೈದ್ಯರು ಆ ಕಡೆಯಷ್ಟೇ ಹುಡುಕಲು ಬಿಟ್ಟರು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಬೆನ್ನುಮೂಳೆಯ ಎಡಕ್ಕೆ, ಆಳದಲ್ಲಿ. (ಪ್ರಾಣ ತೆಗೆದದ್ದು ಗುಂಡಿಗಿಂತ ಹೆಚ್ಚಾಗಿ, ತೊಳೆಯದ ಬೆರಳುಗಳಿಂದ ಗಾಯ ಕೆದಕಿದ್ದರಿಂದ ಏರಿದ ನಂಜು ಎಂಬುದು ಬೇರೆಯೇ ದುರಂತ.)

ಎಷ್ಟು ಆಳ, ಎಷ್ಟು ಜಾಗ ಎಂಬ ಆ ಎರಡು ಪ್ರಶ್ನೆಗಳು ಇಂದಿನ ಲೋಹಶೋಧಕವನ್ನೂ ಬಿಟ್ಟಿಲ್ಲ. ಬಹುಮಟ್ಟಿಗೆ ಉತ್ತರ ಇರುವುದು ಸುರುಳಿಯ ಗಾತ್ರದಲ್ಲಿ ಹಾಗೂ ಆಕಾರದಲ್ಲಿ.

ಆಳದ ಲೆಕ್ಕ ಬಲು ನಿರ್ದಯ. ಸುರುಳಿಯಿಂದ ದೂರವಿರುವ ನಾಣ್ಯದಂಥ ಚಿಕ್ಕ ವಸ್ತು ಇನ್ನೂ ಎರಡರಷ್ಟು ದೂರ ಸರಿದರೆ ಅದನ್ನು ಮುಟ್ಟುವ ಕ್ಷೇತ್ರ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಮರಳಿ ಬರುವ ದನಿಯೂ ಅಷ್ಟೇ ಕುಗ್ಗುತ್ತದೆ. ಅಂದರೆ ಕೊನೆಗೆ ಉಳಿಯುವುದು 64ರಲ್ಲಿ ಒಂದು ಪಾಲು! ದೊಡ್ಡ ಸುರುಳಿ ಹೆಚ್ಚು ಆಳಕ್ಕೆ ಇಳಿಯುತ್ತದೆ, ನಿಜ. ಆದರೆ ಅದರ ಬಲ ಅಗಲಕ್ಕೆ ಹರಡಿಹೋಗುತ್ತದೆ. ಹೂತ ಕೊಪ್ಪರಿಗೆಗೆ ಅದು ಸರಿ, ಬಿದ್ದುಹೋದ ಕಿವಿಯೋಲೆಗೆ ಚಿಕ್ಕ ಸುರುಳಿಯೇ ಲೇಸು.

ಆಕಾರದ ವಿಷಯ ಇನ್ನೂ ಸ್ವಾರಸ್ಯದ್ದು. ದೊಡ್ಡ ಬಳೆಯೊಳಗೆ ಚಿಕ್ಕ ಬಳೆ ಇಟ್ಟಂತಿರುವ ಏಕಕೇಂದ್ರ ಸುರುಳಿ ನೆಲದೊಳಗೆ ನೋಡುವ ಭಾಗ ಆಲಿಕೆಯಂತೆ: ಮೇಲೆ ಅಗಲ, ಕೆಳಗೆ ಮೊನೆ. ಮೇಲಿನಿಂದ ನೋಡಿದರೆ ನೆಲವನ್ನೆಲ್ಲ ಗುಡಿಸಿದಂತೆ ಕಂಡರೂ ಆಳದಲ್ಲಿ, ಕೂರಿಗೆಯ ಸಾಲುಗಳ ನಡುವಿನ ಜಾಗದಂತೆ, ಪಟ್ಟಿಪಟ್ಟಿಯಾಗಿ ನೆಲ ಉಳಿದುಬಿಡುತ್ತದೆ. ಇಂಗ್ಲಿಷಿನ ‘ಡಿ’ ಆಕಾರದ ಎರಡು ಸುರುಳಿಗಳನ್ನು ನಡುವೆ ಒಂದರ ಮೇಲೊಂದು ಬರುವಂತೆ ಜೋಡಿಸಿದ ‘ಡಬಲ್ ಡಿ’ಯದು ಬೇರೆ ಬಗೆ. ಅದು ನೋಡುವುದು ಹಿಂದಿನಿಂದ ಮುಂದಕ್ಕೆ ಚಾಚಿದ, ಅಲಗಿನಂಥ ತೆಳು ಭಾಗವನ್ನು. ಬೀಸಿದಾಗ ಆಳದಲ್ಲೂ ಅಗಲವಾದ ಪಟ್ಟಿ ಸಿಗುತ್ತದೆ. ಒಮ್ಮೆಗೆ ಕಾಣುವ ಮಣ್ಣು ಕಡಿಮೆಯಾದ್ದರಿಂದ, ನಮ್ಮ ಕರಾವಳಿಯ ಜಂಬಿಟ್ಟಿಗೆ ಮಣ್ಣಿನಂತೆ ಕಬ್ಬಿಣದಂಶ ಹೆಚ್ಚಿರುವ ಕಡೆ ಇದೇ ಮೇಲು. ಹಗುರ ಮಣ್ಣಿನಲ್ಲಿ, ವಸ್ತುವಿನ ಜಾಗವನ್ನು ನೇರವಾಗಿ ಬೆರಳಿಟ್ಟು ತೋರಿಸುವುದರಲ್ಲಿ, ಏಕಕೇಂದ್ರವೇ ಮುಂದು.

ನಾಣ್ಯ ಹುಡುಕುವ ಹವ್ಯಾಸಿಗೆ ಒಂದು ಪಟ್ಟಿ ತಪ್ಪಿದರೆ ಹೋಗುವುದು ಒಂದು ನಾಣ್ಯ. ನೆಲಬಾಂಬು ತೆಗೆಯುವವರಿಗೆ ಹಾಗಲ್ಲ. ಪ್ಲಾಸ್ಟಿಕ್ ಕವಚದ ಕೆಲವು ಬಾಂಬುಗಳಲ್ಲಿ ಇರುವ ಲೋಹ ಗ್ರಾಂಗಳ ಲೆಕ್ಕದಲ್ಲೂ ಅತ್ಯಲ್ಪ. ಅದಕ್ಕೇ ಅವರು ಪ್ರತಿ ಬೀಸನ್ನೂ ಹಿಂದಿನದರ ಮೇಲೆ ಹಾಯಿಸುತ್ತಾರೆ. ಬೇಕಾದ ಆಳಕ್ಕೆ ಸುರುಳಿ ಮುಟ್ಟದು ಎನಿಸಿದರೆ, ಪರೀಕ್ಷಿಸಿದ ಮಣ್ಣನ್ನು ಒಂದು ಪದರ ತೆಗೆದು, ಅದೇ ನೆಲವನ್ನು ಮೊದಲಿನಿಂದ ಮತ್ತೆ ಹುಡುಕುತ್ತಾರೆ.