ಗೃಹಸ್ಥರ ಮನೆಗೆ ಪಿಯಾನೋ

ಮಕ್ಕಳು ಸಂಗೀತ ಕಲಿಯಬೇಕೆಂಬ ಆಸೆ ಯಾವ ತಾಯಿತಂದೆಗಳಿಗಿಲ್ಲ? ವೀಣೆಯೋ ಪಿಟೀಲೋ ಬೇಕಾದರೆ ಅದನ್ನು ಪರೀಕ್ಷಿಸಿ ಆರಿಸಿಕೊಡಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ದೊರೆಯುವರು. ಪಿಯಾನೋ ಕೊಳ್ಳಹೊರಟ ಗೃಹಸ್ಥನಿಗಾದರೋ ದಾರಿ ತೋರುವವರು ವಿರಳ. ಆದುದರಿಂದ ಆತನು ಮರದ ಹೊಳಪನ್ನೂ ಬೆಲೆಯ ಚೀಟಿಯನ್ನೂ ನೋಡಿ ನಿರ್ಧರಿಸುವನು. ಇದರ ಫಲವನ್ನು ನಾನು ನಮ್ಮ ಬಂಧುವರ್ಗದಲ್ಲಿಯೇ ಕಂಡಿದ್ದೇನೆ.

ನನ್ನ ತಮ್ಮನು ತನ್ನ ಎಂಟು ವರ್ಷದ ಮಗಳಿಗಾಗಿ ಹಳೆಯದೊಂದು ಪಿಯಾನೋವನ್ನು ತಂದನು. ಕೆತ್ತನೆಯ ಮರ, ಮೇಣದಬತ್ತಿ ನಿಲ್ಲಿಸಲು ಹಿತ್ತಾಳೆಯ ತೋಳುಗಳು. ಬೆಲೆಯೋ ಬಲು ಅಗ್ಗ. ಬಂದವರೆಲ್ಲರೂ ಹೊಗಳಿದರು. ಆದರೆ ಶ್ರುತಿ ಮಾಡಿಸಿದ ಹದಿನೈದು ದಿನಗಳಲ್ಲಿಯೇ ಸ್ವರಗಳು ಜಾರುತ್ತಿದ್ದುವು. ಒಂದು ದಿನ ಆ ಮಗುವು ನನ್ನನ್ನು, “ದೊಡ್ಡಪ್ಪಾ, ತಪ್ಪು ನನ್ನದೋ ಪಿಯಾನೋದ್ದೋ?” ಎಂದು ಕೇಳಿತು. ಶ್ರುತಿ ಮಾಡುವವರು ಮುಚ್ಚಳ ತೆಗೆದು ತೋರಿಸಿದಾಗ ಉತ್ತರ ದೊರೆಯಿತು. ತಂತಿಗಳನ್ನು ಬಿಗಿಯುವ ಬಿರಡೆಗಳು ಮರದಲ್ಲಿ ಹಿಡಿತವಿಲ್ಲದೆ ಸಡಿಲವಾಗಿದ್ದುವು. ಸರಿಪಡಿಸುವ ಖರ್ಚು ಕೊಂಡ ಬೆಲೆಯನ್ನು ಮೀರುವಂತಿತ್ತು. ಅಷ್ಟರಲ್ಲಿ ಮಗುವು ತನಗೆ ಸಂಗೀತ ಬಾರದೆಂದು ನಂಬಿಬಿಟ್ಟಿತ್ತು. ಹಣಕ್ಕಿಂತಲೂ ಈ ನಷ್ಟವೇ ದೊಡ್ಡದು.

ಪಿಯಾನೋವಿನ ಒಳಗನ್ನು ಅರಿಯದೆ ಹೊರಗಿಗೆ ಬೆಲೆ ಕಟ್ಟಲಾಗದು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಿಯು ಸುಮಾರು 1700ರಲ್ಲಿ ಈ ವಾದ್ಯವನ್ನು ನಿರ್ಮಿಸಿದನು. ಅದಕ್ಕೆ ಮುಂಚಿನ ಹಾರ್ಪ್ಸಿಕಾರ್ಡಿನಲ್ಲಿ ತಂತಿಯನ್ನು ಮೀಟುವ ಏರ್ಪಾಡಿದ್ದುದರಿಂದ, ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ನಾದವು ಹೆಚ್ಚುಕಡಮೆ ಒಂದೇ ಆಗಿತ್ತು. ಕ್ರಿಸ್ತೊಫೊರಿಯು ಮೀಟುವುದನ್ನು ಬಿಟ್ಟು ಸುತ್ತಿಗೆಯಿಂದ ಹೊಡೆಯುವ ಕ್ರಮವನ್ನು ತಂದನು. ಬೆರಳು ಮೃದುವಾದರೆ ನಾದವೂ ಮೃದು. ಬೆರಳು ಗಡುಸಾದರೆ ನಾದವೂ ಗಡುಸು. ಪಿಯಾನೋವಿನ ಪ್ರಾಣವಿರುವುದು ಇಲ್ಲಿಯೇ. ಆದಕಾರಣ ಅದನ್ನು ಕಣ್ಣಿನಿಂದಲ್ಲ, ಬೆರಳಿನಿಂದಲೂ ಕಿವಿಯಿಂದಲೂ ಆರಿಸತಕ್ಕದ್ದು.

ಇಂದಿನ ಪೂರ್ಣ ಪಿಯಾನೋವಿನಲ್ಲಿ 52 ಬಿಳಿಯ, 36 ಕರಿಯ, ಒಟ್ಟು 88 ಕೀಲಿಗಳುಂಟು. ಇನ್ನೂರಕ್ಕೂ ಹೆಚ್ಚು ತಂತಿಗಳ ಒಟ್ಟು ಬಿಗಿತವು 15 ಟನ್ನುಗಳನ್ನು ಮೀರುವುದು. ಅದನ್ನು ತಾಳಲು ಎರಕದ ಕಬ್ಬಿಣದ ಚೌಕಟ್ಟು ಬೇಕು. ಇದರಲ್ಲಿ ಎರಡು ಜಾತಿ. ಗ್ರ್ಯಾಂಡ್ ಎಂಬುದರಲ್ಲಿ ತಂತಿಗಳು ನೆಲಕ್ಕೆ ಸಮನಾಗಿ ಮಲಗಿರುವುವು. ಸುತ್ತಿಗೆಯು ಕೆಳಗಿನಿಂದ ಹೊಡೆದು ತನ್ನ ಭಾರದಿಂದಲೇ ಹಿಂದಕ್ಕೆ ಬೀಳುವುದು. ಒಂದೇ ಸ್ವರವನ್ನು ವೇಗವಾಗಿ ಮರಳಿ ನುಡಿಸಲು ಇದು ಅನುಕೂಲ. ಆದರೆ ಕೋಣೆಯ ಬಹುಭಾಗವನ್ನು ಅದು ಆಕ್ರಮಿಸುವುದು. ಅಪ್‌ರೈಟ್ ಎಂಬುದು ಗೋಡೆಯ ಬದಿಯಲ್ಲಿ ನೆಟ್ಟಗೆ ನಿಲ್ಲುವುದು. ಸಾಮಾನ್ಯ ಗೃಹಸ್ಥರಿಗೆ ಇದೇ ತಕ್ಕದ್ದು. ಇದರ ಎತ್ತರವು ಸಾಧಾರಣವಾಗಿ 110ರಿಂದ 130 ಸೆಂಟಿಮೀಟರು. ಎತ್ತರ ಹೆಚ್ಚಿದಂತೆ ಮಂದ್ರದ ತಂತಿಗಳು ಉದ್ದವಾಗಿ ನಾದವು ತುಂಬಿ ಬರುವುದು. ಎರಡರ ಬೆಲೆ ಸಮೀಪವಾಗಿದ್ದರೆ ಎತ್ತರದ್ದನ್ನೇ ಆರಿಸುವುದು ಲೇಸು.

ಹಳೆಯದನ್ನು ಕೊಳ್ಳುವವರು ಶ್ರುತಿ ಮಾಡಬಲ್ಲವರೊಬ್ಬರನ್ನು ತಪ್ಪದೆ ಜೊತೆಯಲ್ಲಿ ಕರೆದೊಯ್ಯಬೇಕು. 88 ಕೀಲಿಗಳನ್ನೂ ಒಂದೊಂದಾಗಿ, ಮೊದಲು ಮೆಲ್ಲಗೆ, ಬಳಿಕ ಬಲವಾಗಿ ಒತ್ತಿ ನೋಡಬೇಕು. ಯಾವುದಾದರೂ ಅಂಟಿಕೊಳ್ಳುವುದೇ, ಕೈ ತೆಗೆದ ಮೇಲೆಯೂ ಸ್ವರವು ಮೊಳಗುತ್ತಲೇ ಇರುವುದೇ ಎಂಬುದನ್ನು ಗಮನಿಸಬೇಕು. ಮುಚ್ಚಳ ತೆಗೆಸಿ, ಸುತ್ತಿಗೆಗಳ ತಲೆಗೆ ಸುತ್ತಿದ ಉಣ್ಣೆಯನ್ನು ನುಸಿ ತಿಂದಿದೆಯೇ, ಮರಕ್ಕೆ ಗೆದ್ದಲು ತಗಲಿದೆಯೇ, ಬಿರಡೆಗಳು ಬಿಗಿಯಾಗಿವೆಯೇ ಎಂದು ಕೇಳಿ ತಿಳಿಯಬೇಕು. ಮಾರುವವನು ಒಳಭಾಗವನ್ನು ತೋರಿಸಲು ಹಿಂಜರಿದರೆ ನಮಸ್ಕಾರ ಮಾಡಿ ಹೊರಡುವುದೇ ಜಾಣತನ.

ಇಷ್ಟೆಲ್ಲ ಸಾಧ್ಯವಿಲ್ಲದವರಿಗೆ ಡಿಜಿಟಲ್ ಪಿಯಾನೋ ಉಂಟು. ಇದರಲ್ಲಿ ತಂತಿಯಿಲ್ಲ, ಶ್ರುತಿ ಮಾಡಿಸುವ ಚಿಂತೆಯಿಲ್ಲ, ನೆರೆಯವರ ನಿದ್ರೆ ಕೆಡದಂತೆ ಕಿವಿಗೆ ಹೆಡ್‌ಫೋನ್ ಧರಿಸಿ ಅಭ್ಯಾಸ ಮಾಡಬಹುದು. ಆದರೆ 88 ಕೀಲಿಗಳಿರಬೇಕು. ಕೀಲಿಗಳಿಗೆ ಸುತ್ತಿಗೆಯ ಭಾರವನ್ನು ಹೋಲುವ ತೂಕವಿರಬೇಕು. 61 ಹಗುರ ಕೀಲಿಗಳ ಆಟದ ಪೆಟ್ಟಿಗೆಯಲ್ಲಿ ಕಲಿತ ಬೆರಳು ನಿಜವಾದ ಪಿಯಾನೋವಿನ ಮುಂದೆ ಸೋಲುವುದು. ಮರದ ಪಿಯಾನೋವಿನ ನಾದವು ಇಡೀ ಹಲಗೆಯಿಂದ ಹೊಮ್ಮಿ ಕೋಣೆಯನ್ನು ತುಂಬುವ ಸೊಗಸು ಇದರಲ್ಲಿ ಪೂರ್ಣವಾಗಿ ಬಾರದು, ನಿಜ. ಆದರೂ ಶ್ರುತಿಗೆಟ್ಟ ಅರಮನೆಯ ಪಿಯಾನೋಕ್ಕಿಂತ ಶ್ರುತಿಯುಳ್ಳ ಸಾಧಾರಣ ಡಿಜಿಟಲ್ ಯಂತ್ರವೇ ಕಲಿಯುವ ಮಗುವಿಗೆ ಒಳ್ಳೆಯ ಗುರು.

ಮರದ ಪಿಯಾನೋವನ್ನು ತಂದ ಮೇಲೆಯೂ ಕೆಲಸ ಮುಗಿಯದು. ಗಾಳಿಯ ತೇವವೇ ಅದರ ಪರಮ ಶತ್ರು. ಮಂಗಳೂರಿನ ಮಳೆಗಾಲದಲ್ಲಿ ಮರವು ಉಬ್ಬುವುದು, ಬಳ್ಳಾರಿಯ ಬೇಸಗೆಯಲ್ಲಿ ಕುಗ್ಗುವುದು. ಎರಡರಿಂದಲೂ ಶ್ರುತಿ ಕೆಡುವುದು. ಬಿಸಿಲು ಬೀಳುವ ಕಿಟಕಿಯ ಬಳಿಯಲ್ಲಾಗಲಿ, ನೀರು ಜಿನುಗುವ ಗೋಡೆಯ ಬದಿಯಲ್ಲಾಗಲಿ ಇಡಬಾರದು. ವರ್ಷಕ್ಕೆ ಎರಡು ಬಾರಿ ಶ್ರುತಿ ಮಾಡಿಸುವ ಖರ್ಚನ್ನು ಕೊಳ್ಳುವಾಗಲೇ ಲೆಕ್ಕ ಹಾಕಿಕೊಳ್ಳತಕ್ಕದ್ದು.

ನಮ್ಮ ರಾಗಗಳ ಗಮಕವನ್ನು ಪಿಯಾನೋವಿನಲ್ಲಿ ಬಳುಕಿಸಲಾಗದು. ಅದರ ಸ್ವರಸ್ಥಾನಗಳು ಸ್ಥಿರ. ಆದುದರಿಂದ ವೀಣೆಯ ಬದಲಿಗೆ ಪಿಯಾನೋ ಎಂದೆಣಿಸದೆ, ಬೇರೊಂದು ಸಂಗೀತದ ಬಾಗಿಲೆಂದೇ ಅದನ್ನು ಬರಮಾಡಿಕೊಳ್ಳಬೇಕು. ಕರ್ಣಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಮೈಸೂರಿನ ಶ್ರೀ ಜಯಚಾಮರಾಜ ಒಡೆಯರೇ ಪಿಯಾನೋ ಅಭ್ಯಾಸ ಮಾಡಿದ್ದರು. ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದಲ್ಲಿ ಧನಸಹಾಯವನ್ನಿತ್ತರು. ಎರಡು ಸಂಗೀತಗಳೂ ಒಂದೇ ಮನೆಯಲ್ಲಿ ಬಾಳಬಲ್ಲುವು.

ನನ್ನ ತಮ್ಮನು ಕೆತ್ತನೆಯ ಪಿಯಾನೋವನ್ನು ಬಂದ ಬೆಲೆಗೆ ಕೊಟ್ಟು, ತೂಕದ ಕೀಲಿಗಳುಳ್ಳ ಡಿಜಿಟಲ್ ಪಿಯಾನೋವೊಂದನ್ನು ತಂದನು. ಈ ಬಾರಿ ಅಂಗಡಿಯಲ್ಲಿ ಮೊದಲು ಕುಳಿತು ನುಡಿಸಿದವಳು ಆ ಹುಡುಗಿಯೇ. ಈಗ ಬಂದವರು ವಾದ್ಯವನ್ನು ಹೊಗಳುವುದಿಲ್ಲ; ಒಂದು ಗಳಿಗೆ ಕುಳಿತು ಕೇಳುತ್ತಾರೆ.