ಕನಸಿನ ತಂಡ ಗೆಲ್ಲೋದು ಹೇಗೆ? ಗೆಲ್ಲೋರು ಯಾರು?

ಒಂದು ಆಟವನ್ನು ಹುಟ್ಟುಹಾಕಿದವರಿಗೇ ಆ ಆಟ ಗೆಲ್ಲೋಕೆ ಆಗಲಿಲ್ಲ ಅಂದ್ರೆ ನಂಬ್ತೀರಾ? ನಂಬಲೇಬೇಕು. ಡೇನಿಯಲ್ ಓಕ್ರೆಂಟ್ ಅಂತ ಅಮೆರಿಕದ ಲೇಖಕರು, ಸಂಪಾದಕರು. 1980ರಲ್ಲಿ ಗೆಳೆಯರನ್ನು ಸೇರಿಸಿಕೊಂಡು ಒಂದು ಬೇಸ್‌ಬಾಲ್ ಲೀಗ್ ಶುರು ಮಾಡಿದ್ರು. ಬ್ಯಾಟ್ ಇಲ್ಲ, ಬಾಲ್ ಇಲ್ಲ, ಮೈದಾನವೂ ಇಲ್ಲ. ಊಟಕ್ಕೆ ಸೇರ್ತಿದ್ದ ನ್ಯೂಯಾರ್ಕಿನ ಹೋಟೆಲ್ ಹೆಸರು ಲಾ ರೋಟಿಸರಿ ಫ್ರಾನ್ಸೇಸ್. ಹಾಗಾಗಿ ಆಟಕ್ಕೂ ರೋಟಿಸರಿ ಅಂತಲೇ ಹೆಸರು ಬಿತ್ತು. ಅದೇ ಇವತ್ತಿನ ಫ್ಯಾಂಟಸಿ ಬೇಸ್‌ಬಾಲ್. ಗೆದ್ದವರ ತಲೆ ಮೇಲೆ ಚಾಕೊಲೇಟ್ ಪಾನೀಯ ಸುರಿಯೋದು ಅಲ್ಲಿನ ಸಂಪ್ರದಾಯ. ಓಕ್ರೆಂಟ್ ತಲೆ ಮೇಲೆ ಮಾತ್ರ ಅದು ಬೀಳಲೇ ಇಲ್ಲ!

ಹಾಗಾದ್ರೆ ಗೆಲ್ಲೋದು ಹೇಗೆ? ಐಪಿಎಲ್ ಹರಾಜು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ.

ಹನ್ನೆರಡು ಜನ ಗೆಳೆಯರು ಅಂತಿಟ್ಟುಕೊಳ್ಳಿ. ಪ್ರತಿಯೊಬ್ಬರ ಕೈಯಲ್ಲೂ 260 ಡಾಲರ್, ಅದೂ ಲೆಕ್ಕಕ್ಕೆ ಮಾತ್ರ. ಅಷ್ಟರಲ್ಲಿ 23 ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕು. ಆಮೇಲೆ ಆ ಆಟಗಾರರು ನಿಜವಾದ ಮೈದಾನದಲ್ಲಿ ಏನು ಮಾಡ್ತಾರೋ ಅದೇ ನಿಮ್ಮ ಖಾತೆಗೆ. ಬ್ಯಾಟಿಂಗ್‌ನಲ್ಲಿ ಐದು ವಿಭಾಗ: ಸರಾಸರಿ, ಹೋಮ್ ರನ್, ಗಳಿಸಿದ ರನ್, ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್, ಬೇಸ್ ಕದಿಯೋದು. ಚೆಂಡೆಸೆಯೋ ಪಿಚರ್‌ಗಳಿಗೂ ಐದು ವಿಭಾಗ. ಪ್ರತಿ ವಿಭಾಗದಲ್ಲಿ ಮೊದಲನೇ ತಂಡಕ್ಕೆ 12 ಅಂಕ, ಎರಡನೇದಕ್ಕೆ 11, ಕೊನೇದಕ್ಕೆ 1. ಎಲ್ಲಾ ಕೂಡಿಸಿದಾಗ ಯಾರದ್ದು ಹೆಚ್ಚೋ ಅವರೇ ಚಾಂಪಿಯನ್.

ಈಗ ಗುಟ್ಟು ಕೇಳಿ. ಹೋಮ್ ರನ್‌ನಲ್ಲಿ ನೀವು ಎದುರಾಳಿಗಿಂತ ಒಂದೇ ಒಂದು ಮುಂದಿದ್ರೂ 12 ಅಂಕ, ನೂರು ಮುಂದಿದ್ರೂ ಅದೇ 12. ಉಳಿದ ತೊಂಬತ್ತೊಂಬತ್ತು ಹೋಮ್ ರನ್ ನೀರಲ್ಲಿ ಹೋಮ! ಬರೀ ದೊಡ್ಡ ಹೊಡೆತಗಾರರನ್ನು ಕೊಂಡವನು ಮೂರು ವಿಭಾಗದಲ್ಲಿ ಮೊದಲಿಗ, ಎರಡರಲ್ಲಿ ಕೊನೆಯವನು, ಪಿಚಿಂಗ್‌ನ ಐದರಲ್ಲೂ ಆರಾರು ಅಂಕ ಅಂದ್ರೆ ಒಟ್ಟು 68. ಅದೇ ಹತ್ತೂ ವಿಭಾಗದಲ್ಲಿ ಮೂರನೇ ಸ್ಥಾನದಲ್ಲಿ ಇರೋನಿಗೆ ಎಷ್ಟು? 100! ಯಾವುದರಲ್ಲೂ ಮೊದಲಿಗನಲ್ಲ, ಆದ್ರೆ ಗೆದ್ದವನು ಅವನೇ.

ಎರಡನೇ ಗುಟ್ಟು ಬೆಲೆಯದ್ದು. ನಾಲ್ಕು ಸ್ಟಾರ್‌ಗಳಿಗೆ ತಲಾ 45 ಡಾಲರ್ ಕೊಟ್ರೆ 180 ಖಾಲಿ. ಉಳಿದ 80 ಡಾಲರ್‌ನಲ್ಲಿ 19 ಜನರನ್ನು ತರಬೇಕು. ಒಬ್ಬನಿಗೆ ನಾಲ್ಕು ಡಾಲರ್ ಚಿಲ್ಲರೆ ಅಷ್ಟೇ. ಸ್ಟಾರ್ ಯಾರು ಅನ್ನೋದು ಕೂತಿರೋ ಹನ್ನೆರಡು ಜನಕ್ಕೂ ಗೊತ್ತು. ಗೆಲ್ಲೋದು 20 ಡಾಲರ್ ಯೋಗ್ಯತೆಯವನನ್ನು 8 ಡಾಲರ್‌ಗೆ ಹಿಡಿಯೋನು. ಸಂತೆಯಲ್ಲಿ ತರಕಾರಿ ಕೊಳ್ಳೋ ನಮ್ಮ ಅಮ್ಮಂದಿರಿಗೆ ಈ ಪಾಠ ಹೇಳಿಕೊಡಬೇಕಿಲ್ಲ ಬಿಡಿ.

ಮೂರನೇದು ತಾಳ್ಮೆ. ಅಮೆರಿಕದ ಬೇಸ್‌ಬಾಲ್ ಋತು ಅಂದ್ರೆ ಪ್ರತಿ ತಂಡಕ್ಕೆ 162 ಪಂದ್ಯ. ಮಾರ್ಚ್ ಕೊನೆಗೆ ಶುರುವಾದ್ರೆ ಸೆಪ್ಟೆಂಬರ್ ಕೊನೆವರೆಗೆ. ಮಧ್ಯೆ ಗಾಯ ಆಗುತ್ತೆ, ಫಾರ್ಮ್ ಹೋಗುತ್ತೆ, ಯಾರೂ ಕೊಳ್ಳದ ಹುಡುಗ ದಿಢೀರ್ ಅಂತ ಮಿಂಚ್ತಾನೆ. ಅವನನ್ನು ಮೊದಲು ನೋಡಿ ತಂಡಕ್ಕೆ ಸೇರಿಸಿಕೊಳ್ಳಬೇಕು. ಆಗಸ್ಟ್ ಹೊತ್ತಿಗೆ ಅರ್ಧ ಜನ ಬೇಸತ್ತು ತಮ್ಮ ತಂಡವನ್ನು ಮರೆತೇ ಬಿಟ್ಟಿರ್ತಾರೆ. ಆಗಲೂ ದಿನಾ ಅಂಕಿಅಂಶ ನೋಡೋನು ಮುಂದೆ ಹೋಗ್ತಾನೆ.

ಇದು ಗೆಳೆಯರ ಆಟದ ಕಥೆ. ಆದ್ರೆ ವಿಷಯ ಇಲ್ಲಿಗೇ ಮುಗಿಯಲ್ಲ.

2009ರಲ್ಲಿ ಫ್ಯಾನ್‌ಡ್ಯೂಯೆಲ್ ಬಂತು, 2012ರಲ್ಲಿ ಡ್ರಾಫ್ಟ್‌ಕಿಂಗ್ಸ್ ಬಂತು. ಆರು ತಿಂಗಳು ಯಾಕೆ ಕಾಯ್ತೀರಿ, ಇವತ್ತೇ ತಂಡ ಕಟ್ಟಿ, ಇವತ್ತೇ ದುಡ್ಡು ಗೆಲ್ಲಿ ಅಂದ್ರು. ಬೇಸ್‌ಬಾಲ್‌ನಲ್ಲಿ ಅತ್ಯುತ್ತಮ ಬ್ಯಾಟರ್ ಕೂಡ ಹತ್ತಕ್ಕೆ ಏಳು ಸಲ ವಿಫಲ ಆಗ್ತಾನೆ. 162 ಪಂದ್ಯದಲ್ಲಿ ಅವನ ಯೋಗ್ಯತೆ ಬಯಲಾಗುತ್ತೆ, ಒಂದು ಸಂಜೆಯಲ್ಲಿ ಆಗಲ್ಲ. ಹಾಗಾದ್ರೆ ದಿನದ ಆಟ ಬರೀ ಅದೃಷ್ಟನಾ? ಅಲ್ಲ ಸ್ವಾಮಿ! ಅಲ್ಲೇ ಇರೋದು ಮರ್ಮ.

ಒಂದೊಂದು ಸಂಜೆ ಅದೃಷ್ಟದ್ದೇ. ಆದ್ರೆ ಸಾಫ್ಟ್‌ವೇರ್ ಹಾಕಿಕೊಂಡು ದಿನಾ ನೂರಾರು ತಂಡ ಇಳಿಸೋನಿಗೆ ಆ ಅದೃಷ್ಟ ಸರಾಸರಿಗೆ ಬಂದುಬಿಡುತ್ತೆ. 2015ರ ಬೇಸ್‌ಬಾಲ್ ಋತುವಿನ ಮೊದಲಾರ್ಧವನ್ನು ಮೆಕಿನ್ಸಿ ಸಂಸ್ಥೆಯ ವಿಶ್ಲೇಷಣೆ ನೋಡಿತು. ದಿನದ ಫ್ಯಾಂಟಸಿಯಲ್ಲಿ ಆಟಗಾರರು ಗಳಿಸಿದ ಲಾಭದ ಶೇಕಡಾ 91 ಭಾಗ ಹೋಗಿದ್ದು ಎಷ್ಟು ಜನರ ಜೇಬಿಗೆ ಗೊತ್ತಾ? ಶೇಕಡಾ 1.3! ನೂರು ಜನರಲ್ಲಿ ಒಬ್ಬರು, ಹೆಚ್ಚಂದ್ರೆ ಇಬ್ಬರು. ಉಳಿದವರು ಆಫೀಸಿಂದ ಬಂದು, ಹತ್ತು ನಿಮಿಷದಲ್ಲಿ ಒಂದು ತಂಡ ಕಟ್ಟಿ ಕಾಯ್ತಾ ಕೂತವರು.

ಇದನ್ನು ಯಾಕೆ ಹೇಳ್ತಿದ್ದೀನಿ? ಇದೇ ಆಟ ಕ್ರಿಕೆಟ್ ವೇಷದಲ್ಲಿ ನಮ್ಮ ಮೊಬೈಲ್‌ಗೂ ಬಂತಲ್ಲ. ಡ್ರೀಮ್ ಇಲೆವೆನ್ ಹೆಸರು ಭಾರತ ತಂಡದ ಜರ್ಸಿ ಮೇಲೇ ಇತ್ತು. 2021ರಲ್ಲಿ ಕರ್ನಾಟಕ ಸರ್ಕಾರ ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಡೀ ದೇಶಕ್ಕೆ ನಿಷೇಧದ ಕಾನೂನು ತಂತು, ಡ್ರೀಮ್ ಇಲೆವೆನ್ ಹಣದ ಸ್ಪರ್ಧೆ ನಿಲ್ಲಿಸಿತು. ವರ್ಷಗಟ್ಟಲೆ ನಡೆದ ವಾದ ಒಂದೇ: ಇದು ಕೌಶಲ್ಯದ ಆಟವೋ, ಅದೃಷ್ಟದ ಆಟವೋ?

ಕೌಶಲ್ಯದ್ದೇ ಅಂತ ಒಪ್ಪಿಕೊಳ್ಳೋಣ. ಆದ್ರೆ ಯಾರ ಕೌಶಲ್ಯ? ಆಟದಲ್ಲಿ ಕೌಶಲ್ಯ ಹೆಚ್ಚಿದಷ್ಟೂ ಪರಿಣತನ ಮುಂದೆ ಸಾಮಾನ್ಯ ಮನುಷ್ಯ ಸೋಲೋದು ಇನ್ನಷ್ಟು ಖಾತ್ರಿ. ಕಂಪನಿಗಳು ತಮ್ಮ ರಕ್ಷಣೆಗೆ ಹೇಳಿದ ಮಾತೇ ನಿಮಗೆ ಎಚ್ಚರಿಕೆ ಆಗಬೇಕಿತ್ತು.

ಹಾಗಂತ ಆಟವೇ ಕೆಟ್ಟದ್ದು ಅಂತಲ್ಲ. ಗೆಳೆಯರು ಸೇರಿ, ಲೆಕ್ಕ ಹಾಕಿ, ಒಬ್ಬರನ್ನೊಬ್ಬರು ಕಾಲೆಳೆದು ಆಡಿ. ಓಕ್ರೆಂಟ್ ಸೋತರೂ ಅವರಿಗೆ ಹೋಗಿದ್ದೇನು? ತಲೆ ಮೇಲೆ ಒಂದು ಬಾಟ್ಲಿ ಚಾಕೊಲೇಟ್ ಪಾನೀಯ ಬೀಳಲಿಲ್ಲ, ಅಷ್ಟೇ. ಎದುರಿಗೆ ಕೂತಿರೋನ ಮುಖವೇ ಕಾಣದ ಆಟದಲ್ಲಿ ಸೋತ್ರೆ ಹೋಗೋದು ಮನೆ ಬಾಡಿಗೆ, ಮಕ್ಕಳ ಫೀಸು. ಆಟ ಆಡೋ ಮೊದಲು ತಂಡದಲ್ಲಿ ಯಾರಿದ್ದಾರೆ ಅಂತ ನೋಡ್ತೀರಲ್ಲ, ಹಾಗೇ ಎದುರಿಗೆ ಯಾರಿದ್ದಾರೆ ಅಂತಲೂ ಒಮ್ಮೆ ನೋಡಿ.